ನಮ್ಮ ಮನೆಯ ವಿದ್ಯುತ್ತು ಯಾರದು?

ಮದ್ದೂರಿನ ಪೇಟೆಯಲ್ಲಿ ಒಬ್ಬ ಅಂಗಡಿಯವನು ತೊಗರಿಬೇಳೆಗೆ ಹೆಚ್ಚು ಬೆಲೆ ಹೇಳಿದರೆ ನಾವು ಪಕ್ಕದ ಅಂಗಡಿಗೆ ಹೋಗುತ್ತೇವೆ. ಹಾಲಿನವನು ನೀರು ಬೆರೆಸುತ್ತಾನೆಂದು ತೋರಿದರೆ ಮರುದಿನದಿಂದ ಬೇರೊಬ್ಬನಿಗೆ ವರ್ತನೆ ಹೇಳುತ್ತೇವೆ. ದೂರವಾಣಿಯ ಕಂಪೆನಿಯನ್ನಂತೂ ನಮ್ಮ ಸಂಖ್ಯೆಯನ್ನು ಉಳಿಸಿಕೊಂಡೇ ಬದಲಾಯಿಸಬಹುದಾಗಿದೆ. ಆದರೆ ತಿಂಗಳಿಗೊಮ್ಮೆ ಬಾಗಿಲಿಗೆ ಬರುವ ಕರೆಂಟಿನ ಬಿಲ್ಲು ದುಬಾರಿಯೆನಿಸಿದಾಗ, ‘ನಾಳೆಯಿಂದ ನಿಮ್ಮ ವಿದ್ಯುತ್ತು ಬೇಡ, ಇನ್ನೊಬ್ಬರಿಂದ ಕೊಳ್ಳುತ್ತೇವೆ’ ಎಂದು ಹೇಳುವ ದಾರಿ ಮಂಡ್ಯದಲ್ಲಾಗಲಿ, ಮದ್ದೂರಿನಲ್ಲಾಗಲಿ, ಮಳವಳ್ಳಿಯಲ್ಲಾಗಲಿ ಇಲ್ಲ. ಇಂಗ್ಲೆಂಡಿನಲ್ಲಿ ನೆಲಸಿರುವ ಕನ್ನಡಿಗರೋ ತಾವು ವಿದ್ಯುತ್ತಿನ ಕಂಪೆನಿಯನ್ನು ಬದಲಾಯಿಸಿದ ಸಂಗತಿಯನ್ನು, ತರಕಾರಿಯಂಗಡಿ ಬದಲಾಯಿಸಿದಷ್ಟು ಸಹಜವಾಗಿ ಊರಿನವರಿಗೆ ಹೇಳುತ್ತಾರೆ. ಅಲ್ಲಿ ಆಗುವುದು ಇಲ್ಲಿ ಏಕಾಗದು? ಆದರೆ ನಮಗೆ ಲಾಭವೇ, ನಷ್ಟವೇ?

ಈ ಪ್ರಶ್ನೆಗೆ ಉತ್ತರ ಹುಡುಕಲು ಮಂಡ್ಯ ಜಿಲ್ಲೆಗಿಂತ ತಕ್ಕ ಸ್ಥಳ ದೊರೆಯಲಾರದು. ಏಕೆಂದರೆ, ಕಡಮೆ ಬೆಲೆಯ ಶಕ್ತಿಗಾಗಿ ಗಿರಾಕಿಯೊಬ್ಬನು ತನ್ನ ಹಳೆಯ ಏರ್ಪಾಡನ್ನು ಬಿಟ್ಟು ಹೊಸಬನ ಬಳಿಗೆ ಹೋದ ದೊಡ್ಡ ಉದಾಹರಣೆಯೊಂದು ನಡೆದುದು ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದಲೇ. ಆ ಗಿರಾಕಿ ಮನೆಯವನಲ್ಲ. ಕೋಲಾರದ ಚಿನ್ನದ ಗಣಿ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕೋಲಾರದ ಗಣಿಗಳು ಸೌದೆ ಕಲ್ಲಿದ್ದಲುಗಳನ್ನು ಉರಿಸಿ ಉಗಿಯಂತ್ರಗಳನ್ನು ನಡೆಸುತ್ತಿದ್ದುವು. ಅದಿರನ್ನು ಮೇಲೆತ್ತುವುದಕ್ಕೂ ಕುಟ್ಟುವುದಕ್ಕೂ ಉಗಿಯೇ ಬೇಕು. ಸುತ್ತಲಿನ ಕಾಡು ಸವೆಯುತ್ತಿತ್ತು, ಕಲ್ಲಿದ್ದಲು ದೂರದಿಂದ ಬರಬೇಕಾಗಿತ್ತು. ಇತ್ತ ಕಾವೇರಿಯು ಗಗನಚುಕ್ಕಿ ಭರಚುಕ್ಕಿಗಳಲ್ಲಿ ಯಾರಿಗೂ ಲೆಕ್ಕ ಕೊಡದೆ ಧುಮುಕುತ್ತಿದ್ದಳು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ಮೈಸೂರು ಸರ್ಕಾರದ ಎಂಜಿನಿಯರಾಗಿದ್ದ ಜೋಲಿ ದ ಲಾಟ್‌ಬಿನಿಯೇರ್ ಎಂಬ ಸೇನಾಧಿಕಾರಿಯು ಈ ಎರಡು ಸಂಗತಿಗಳನ್ನು ಜೋಡಿಸುವ ಯೋಜನೆಯನ್ನು ಸಿದ್ಧಪಡಿಸಿದನು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿಯಿಂದ ವಿದ್ಯುದ್ಯಂತ್ರಗಳೂ, ಸ್ವಿಟ್ಜರ್ಲೆಂಡಿನ ಎಶರ್ ವೀಸ್ ಕಂಪೆನಿಯಿಂದ ಜಲಚಕ್ರಗಳೂ ಬಂದುವು. ರೈಲುದಾರಿ ಮದ್ದೂರು ಮಂಡ್ಯಗಳ ಮೇಲೆ ಹಾದುಹೋಗುತ್ತಿತ್ತೇ ಹೊರತು ಜಲಪಾತದ ಬಳಿಗೆ ಬರುತ್ತಿರಲಿಲ್ಲ. ಆ ಭಾರಿ ಯಂತ್ರಭಾಗಗಳು ಉಳಿದ ಹಾದಿಯನ್ನು ಪ್ರಾಣಿಗಳ ಬಲದಿಂದಲೇ ಸವೆಸಬೇಕಾಯಿತು. ಶೇಷಾದ್ರಿ ಅಯ್ಯರ್ ೧೯೦೧ರಲ್ಲಿ ತೀರಿಕೊಂಡರು. ೧೯೦೨ರ ಜೂನ್ ೩೦ರಂದು ಕಾವೇರಿಯ ವಿದ್ಯುತ್ತು ಗಣಿಗಳನ್ನು ಮುಟ್ಟಿತು.

ದೂರ ೯೨ ಮೈಲಿ, ಎಂದರೆ ಸುಮಾರು ೧೪೭ ಕಿಲೋಮೀಟರು. ಅಷ್ಟು ದೂರ ವಿದ್ಯುತ್ತನ್ನು ಸಾಗಿಸಿದರೆ ದಾರಿಯಲ್ಲೇ ಸೋರಿಹೋಗದೆ? ಸೋರುತ್ತದೆ, ತಂತಿ ಕಾಯುವುದೇ ಆ ಸೋರಿಕೆ. ಹೀಗೆ ಕಾವಾಗಿ ವ್ಯರ್ಥವಾಗುವ ಶಕ್ತಿಯು ತಂತಿಯಲ್ಲಿ ಹರಿಯುವ ಪ್ರವಾಹದ ವರ್ಗಕ್ಕೆ ಅನುಗುಣವಾಗಿರುತ್ತದೆಂದು ವಿದ್ಯಾರ್ಥಿಗಳು ಓದಿಯೇ ಇರುವರು. ಸಾಗಿಸಬೇಕಾದ ಶಕ್ತಿ ಅಷ್ಟೇ ಇದ್ದು, ವೋಲ್ಟೇಜನ್ನು ಹತ್ತು ಪಟ್ಟು ಹೆಚ್ಚಿಸಿದರೆ ಪ್ರವಾಹವು ಹತ್ತರಲ್ಲೊಂದು ಪಾಲಾಗುತ್ತದೆ; ನಷ್ಟವು ನೂರರಲ್ಲೊಂದು ಪಾಲಿಗೆ ಇಳಿಯುತ್ತದೆ. ಆದುದರಿಂದಲೇ ಆ ಮಾರ್ಗಕ್ಕೆ ೩೫,೦೦೦ ವೋಲ್ಟುಗಳನ್ನು ಆರಿಸಿಕೊಂಡರು. ಆ ದಿನಗಳಲ್ಲಿ ಇದು ಸಣ್ಣ ಸಾಹಸವಲ್ಲ.

ಗಣಿಯವರು ಉಗಿಯನ್ನು ಬಿಟ್ಟು ವಿದ್ಯುತ್ತಿಗೆ ಬಂದುದು ವಿಜ್ಞಾನದ ಮೇಲಿನ ಮಮತೆಯಿಂದಲ್ಲ, ದರ ಗಿಟ್ಟಿದುದರಿಂದ. ಅಶ್ವಶಕ್ತಿಯೊಂದಕ್ಕೆ ವರ್ಷಕ್ಕೆ ಇಷ್ಟು ಎಂದು ಸರ್ಕಾರದೊಡನೆ ಮೊದಲೇ ಕರಾರಾಗಿತ್ತು. ತಂತಿಯು ಮಳವಳ್ಳಿ ಸೀಮೆಯ ಹೊಲಗಳ ಮೇಲೆ ಹಾದುಹೋಯಿತು. ಕೆಳಗಿನ ಮನೆಗಳಲ್ಲಿ ಹರಳೆಣ್ಣೆಯ ಹಣತೆಯೇ ಉರಿಯುತ್ತಿತ್ತು. ೧೯೦೫ರಲ್ಲಿ ಬೆಂಗಳೂರಿಗೆ, ೧೯೦೮ರಲ್ಲಿ ಮೈಸೂರಿಗೆ ವಿದ್ಯುದ್ದೀಪ ಬಂದಿತು. ದೊಡ್ಡ ಗಿರಾಕಿಗೆ ಆಯ್ಕೆ, ಚಿಕ್ಕವನಿಗೆ ಕಾಯುವಿಕೆ ಎಂಬ ಕ್ರಮ ಅಂದೇ ಮೊದಲಾಯಿತೆನ್ನಬಹುದು. ಅದು ಇಂದಿಗೂ ಪೂರ್ತಿಯಾಗಿ ಬದಲಾಗಿಲ್ಲವೆಂಬುದನ್ನು ಮುಂದೆ ನೋಡುವೆವು.

ಈಗ ನಮ್ಮ ಪ್ರಶ್ನೆಗೆ ಬರೋಣ. ಮಳವಳ್ಳಿಯ ಮನೆಯೊಂದರಲ್ಲಿ ದೀಪ ಉರಿಯುತ್ತಿದೆ. ಆ ದೀಪದಲ್ಲಿರುವ ವಿದ್ಯುತ್ತು ಎಲ್ಲಿಂದ ಬಂದಿತು? ‘ಇಲ್ಲೇ ಬ್ಲಫಿನಿಂದ’ ಎಂದು ಮನೆಯ ಹಿರಿಯರು ಹೇಳಿಯಾರು. ಶಿವನಸಮುದ್ರದ ವಿದ್ಯುದಾಗಾರವಿರುವ ಎಡೆಗೆ ಆ ಕಡೆಯ ಜನರು ಇಟ್ಟುಕೊಂಡಿರುವ ಹೆಸರು ಅದು. ಅವರ ಮಾತು ಒಂದು ಕಾಲಕ್ಕೆ ನಿಜವಾಗಿದ್ದಿತು. ಇಂದು ರಾಯಚೂರಿನ ಕಲ್ಲಿದ್ದಲು, ಶರಾವತಿಯ ನೀರು, ಪಾವಗಡದ ಬಿಸಿಲು, ಚಿತ್ರದುರ್ಗದ ಗಾಳಿ, ಕೈಗಾದ ಯುರೇನಿಯಂ ಎಲ್ಲವೂ ಒಂದೇ ಜಾಲಕ್ಕೆ ಶಕ್ತಿಯನ್ನು ಸುರಿಯುತ್ತಿವೆ. ಮಂಡ್ಯ ಜಿಲ್ಲೆಯ ಸಕ್ಕರೆ ಕಾರ್ಖಾನೆಗಳು ಕಬ್ಬಿನ ಸಿಪ್ಪೆಯನ್ನು ಉರಿಸಿ ಮಾಡುವ ವಿದ್ಯುತ್ತೂ ಅದರಲ್ಲಿ ಸೇರುತ್ತದೆ. ೨೦೧೩ರ ಡಿಸೆಂಬರ್ ೩೧ರಂದು ದಕ್ಷಿಣದ ಜಾಲವು ಉತ್ತರದ ಜಾಲದೊಡನೆ ಸಮಗತಿಯಲ್ಲಿ ಕೂಡಿಕೊಂಡ ಮೇಲೆ ಇಡೀ ಭಾರತವೇ ಒಂದು ಯಂತ್ರವಾಯಿತು. ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಈ ಜಾಲಕ್ಕೆ ಹೂಡಿದ ದೊಡ್ಡ ದೊಡ್ಡ ಜನಕಯಂತ್ರಗಳೆಲ್ಲ ಒಂದೇ ತಾಳಕ್ಕೆ, ಸೆಕೆಂಡಿಗೆ ೫೦ ಆವರ್ತಗಳ ತಾಳಕ್ಕೆ, ಹೆಜ್ಜೆ ಹಾಕುತ್ತವೆ.

ಇನ್ನೂ ವಿಚಿತ್ರವಾದುದೊಂದುಂಟು. ಶಿವನಸಮುದ್ರದಿಂದ ಹೊರಟ ಎಲೆಕ್ಟ್ರಾನು ತಂತಿಯಲ್ಲಿ ಪ್ರಯಾಣಮಾಡಿ ನಮ್ಮ ಮನೆಗೆ ಬಂದು ಸೇರುತ್ತದೆಂದು ಅನೇಕರು ತಿಳಿದಿರುತ್ತಾರೆ. ಅದು ಹಾಗಲ್ಲ. ಒಂದು ಚದರ ಮಿಲಿಮೀಟರು ಅಡ್ಡಕೊಯ್ತದ ತಾಮ್ರದ ತಂತಿಯಲ್ಲಿ ಒಂದು ಆಂಪಿಯರ್ ಪ್ರವಾಹವಿದ್ದರೆ ಎಲೆಕ್ಟ್ರಾನುಗಳು ಸರಾಸರಿ ಸರಿಯುವ ವೇಗ ಸೆಕೆಂಡಿಗೆ ೦.೦೭ ಮಿಲಿಮೀಟರು ಮಾತ್ರ. ಬಸವನಹುಳುವೂ ಅದನ್ನು ಹಿಂದೆ ಹಾಕೀತು. ಸಾಲದುದಕ್ಕೆ, ನಮ್ಮದು ಪರ್ಯಾಯ ಪ್ರವಾಹ. ಸೆಕೆಂಡಿನ ನೂರರಲ್ಲೊಂದು ಭಾಗದ ಕಾಲ ಮುಂದಕ್ಕೆ ಸರಿದ ಎಲೆಕ್ಟ್ರಾನು ಮುಂದಿನ ಅಷ್ಟೇ ಕಾಲ ಹಿಂದಕ್ಕೆ ಸರಿಯುತ್ತದೆ. ಹೀಗೆ ಅದು ತೊಯ್ದಾಡುವ ದೂರ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಮೆ. ನಿಮ್ಮ ಮನೆಯ ತಂತಿಯ ಎಲೆಕ್ಟ್ರಾನುಗಳು ತಂತಿಯನ್ನು ಎಳೆದ ದಿನದಿಂದಲೂ ಹೆಚ್ಚು ಕಡಮೆ ಅಲ್ಲೇ ಇವೆ. ದೂರದಿಂದ ಬರುವುದು ಎಲೆಕ್ಟ್ರಾನಲ್ಲ, ಶಕ್ತಿ. ಅದನ್ನು ಹೊತ್ತು ತರುವುದು ತಂತಿಗಳ ಸುತ್ತಲಿನ ವಿದ್ಯುತ್ಕಾಂತಕ್ಷೇತ್ರ.

ಆ ಶಕ್ತಿಗಾದರೂ ಗುರುತುಂಟೆ? ಹತ್ತು ಹಳ್ಳಗಳ ನೀರು ಕೂಡಿದ ಕೆರೆಯ ತೂಬಿನ ಬಳಿ ನಿಂತು, ಹೊರಬಂದ ಒಂದು ಬಿಂದಿಗೆ ನೀರನ್ನು ತೋರಿಸಿ ‘ಇದು ಯಾವ ಹಳ್ಳದ್ದು?’ ಎಂದು ಕೇಳಿದರೆ ಏನು ಹೇಳೋಣ? ವಿದ್ಯುಜ್ಜಾಲದ ಸ್ಥಿತಿಯೂ ಇದೇ. ಪ್ರವಾಹವು ಓಮ್ ಮತ್ತು ಕಿರ್ಕಾಫರ ನಿಯಮಗಳನ್ನು ಪಾಲಿಸುತ್ತದೆಯೇ ಹೊರತು ನಾವು ಬರೆದುಕೊಂಡ ಕರಾರುಪತ್ರವನ್ನಲ್ಲ. ಆದುದರಿಂದ ‘ವಿದ್ಯುತ್ತು ಮಾರುವವನನ್ನು ಬದಲಾಯಿಸುವುದು’ ಎಂದರೆ ತಂತಿಯಲ್ಲಿರುವ ವಿದ್ಯುತ್ತನ್ನು ಬದಲಾಯಿಸುವುದಲ್ಲ. ತಂತಿ ಅದೇ, ಕಂಬ ಅದೇ, ಟ್ರಾನ್ಸ್‌ಫಾರ್ಮರು ಅದೇ. ಗಾಳಿಗೆ ಕಂಬ ಉರುಳಿದರೆ ಹೊಸ ಮಾರಾಟಗಾರನ ಮನೆಯೂ ಹಳಬನ ಮನೆಯೂ ಒಟ್ಟಿಗೇ ಕತ್ತಲಾಗುತ್ತವೆ. ಬದಲಾಗುವುದು ಲೆಕ್ಕದ ಪುಸ್ತಕ. ಹೊಸ ಮಾರಾಟಗಾರನು ತನ್ನ ಗಿರಾಕಿಗಳೆಲ್ಲ ಬಳಸುವಷ್ಟು ಶಕ್ತಿಯನ್ನು ಎಲ್ಲಿಂದಲಾದರೂ ಕೊಂಡು ಜಾಲಕ್ಕೆ ಸೇರಿಸಬೇಕು. ಭಾರತದಲ್ಲಿ ಈ ಲೆಕ್ಕವನ್ನು ಹದಿನೈದು ನಿಮಿಷಗಳಿಗೊಮ್ಮೆ, ದಿನಕ್ಕೆ ೯೬ ಬಾರಿ ಕಟ್ಟುತ್ತಾರೆ. ಬ್ರಿಟನ್ನಿನಲ್ಲಿ ಅರ್ಧ ಗಂಟೆಗೊಮ್ಮೆ.

ಹಾಗಾದರೆ ತಂತಿಯನ್ನೇ ಇನ್ನೊಬ್ಬನು ಬೇರೆಯಾಗಿ ಎಳೆಯಬಾರದೇಕೆ? ೨೦೦೩ರ ವಿದ್ಯುಚ್ಛಕ್ತಿ ಅಧಿನಿಯಮವು ಅದಕ್ಕೆ ಅಡ್ಡಿ ಮಾಡುವುದಿಲ್ಲ. ಒಂದೇ ಊರಿನಲ್ಲಿ ಎರಡನೆಯವನೂ ಸ್ವಂತ ತಂತಿ ಎಳೆದು ವಿದ್ಯುತ್ತು ಮಾರಲು ಪರವಾನಗಿ ಪಡೆಯಬಹುದು. ಆದರೆ ಮದ್ದೂರಿನ ಒಂದು ಬೀದಿಯಲ್ಲಿ ಎರಡು ಸಾಲು ಕಂಬಗಳು, ಎರಡು ಟ್ರಾನ್ಸ್‌ಫಾರ್ಮರುಗಳು, ಎರಡು ತಂಡ ಲೈನ್‌ಮನ್‌ಗಳು ಇದ್ದರೆ, ಆ ಎರಡರ ಖರ್ಚನ್ನೂ ಕೊಡುವವರು ಅದೇ ಬೀದಿಯವರೇ ಅಲ್ಲವೆ? ಅಗ್ಗದ ವಿದ್ಯುತ್ತಿಗೆಂದು ಹೊರಟು ದುಬಾರಿ ತಂತಿಯನ್ನು ಕೊಂಡಂತಾಗುವುದು. ರಸ್ತೆ, ಕಾಲುವೆ, ರೈಲುಹಳಿಗಳಂತೆ ವಿದ್ಯುತ್ತಿನ ತಂತಿಯೂ ಒಬ್ಬರ ಕೈಯಲ್ಲಿದ್ದಾಗಲೇ ಅಗ್ಗ. ಈ ಕಾರಣದಿಂದ ಅದು ಸ್ವಭಾವತಃ ಏಕಸ್ವಾಮ್ಯವಾಗುತ್ತದೆ. ಒಡೆಯನು ಮನಸ್ಸಿಗೆ ಬಂದಂತೆ ಬೆಲೆ ಏರಿಸದ ಹಾಗೆ ಮೇಲೊಬ್ಬ ಪಂಚಾಯ್ತಿದಾರ ಬೇಕಾಗುತ್ತಾನೆ. ನಮ್ಮಲ್ಲಿ ಆ ಕೆಲಸ ೧೯೯೯ರಲ್ಲಿ ಸ್ಥಾಪಿತವಾದ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ್ದು.

ಮೊದಲಿದ್ದ ಒಂದೇ ವಿದ್ಯುತ್ ಮಂಡಲಿಯು ಅದೇ ವರ್ಷ ರೂಪಾಂತರಗೊಂಡಿತು. ೨೦೦೨ರಲ್ಲಿ ವಿತರಣೆಯ ಕೆಲಸವನ್ನು ಪ್ರಾಂತಕ್ಕೊಂದರಂತೆ ಕಂಪೆನಿಗಳಿಗೆ ಹಂಚಿದರು. ಮಂಡ್ಯ ಜಿಲ್ಲೆಯು ೨೦೦೫ರಿಂದ ಮೈಸೂರಿನ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಪಾಲಿಗೆ ಸೇರಿದೆ. ಮೈಸೂರು, ಚಾಮರಾಜನಗರ, ಹಾಸನ, ಕೊಡಗು ಜಿಲ್ಲೆಗಳೂ ಅದರವೇ. ಮದ್ದೂರು ತಾಲ್ಲೂಕಿನ ನಿಡಘಟ್ಟವನ್ನು ದಾಟಿ ಹೆದ್ದಾರಿಯಲ್ಲಿ ಪೂರ್ವಕ್ಕೆ ಸಾಗಿ ಚನ್ನಪಟ್ಟಣದ ಸೀಮೆಯನ್ನು ಹೊಕ್ಕರೆ ಕಂಬಗಳು ಬೆಂಗಳೂರು ವಿದ್ಯುತ್ ಸರಬರಾಜು ಕಂಪೆನಿಯವು. ಗಡಿಯಂಚಿನ ಮದ್ದೂರಿನವನೊಬ್ಬನು, ‘ಆ ಕಡೆಯ ಕಂಪೆನಿಯಿಂದಲೇ ನನಗೂ ಒಂದು ತಂತಿ ಎಳೆಸಿಕೊಡಿ’ ಎಂದು ಹಟ ಹಿಡಿದನೆನ್ನಿ. ಅವನಿಗೆ ಏನೂ ಉಳಿಯದು. ಆಯೋಗವು ೨೦೨೪ರ ಏಪ್ರಿಲ್ ೧ರಿಂದ ಗೃಹಬಳಕೆಗೆ ಯೂನಿಟ್ಟಿಗೆ ೫ ರೂಪಾಯಿ ೯೦ ಪೈಸೆಯೆಂದು ಒಂದೇ ದರ ಗೊತ್ತುಮಾಡಿದಾಗ ಅದು ಎಲ್ಲ ಕಂಪೆನಿಗಳಿಗೂ ಅನ್ವಯಿಸಿತು. ಹೆಸರು ಐದು, ಬೆಲೆ ಒಂದು. ಇಲ್ಲಿ ಅಂಗಡಿ ಬದಲಾಯಿಸುವ ಮಾತಿಗೆ ಅರ್ಥವೇ ಇಲ್ಲ.

ಅರ್ಥವಿರುವ ಕಡೆ ಏನಾಯಿತು? ಬ್ರಿಟನ್ನಿನಲ್ಲಿ ೧೯೯೮-೯೯ರಲ್ಲಿ ಮನೆಗಳಿಗೆಲ್ಲ ಈ ಸ್ವಾತಂತ್ರ್ಯ ದೊರೆಯಿತು. ತಂತಿಯ ಒಡೆತನ ಬೇರೆ, ಮಾರಾಟ ಬೇರೆ. ಜಾಣರು ವರ್ಷಕ್ಕೊಮ್ಮೆ ದರಗಳನ್ನು ಹೋಲಿಸಿ ಕಂಪೆನಿ ಬದಲಾಯಿಸಿ ಹಣ ಉಳಿಸಿದರು. ಬದಲಾಯಿಸುವ ಗೋಜಿಗೆ ಹೋಗದ ಮುದುಕರೂ ಬಡವರೂ ಹಳೆಯ ಕಂಪೆನಿಯಲ್ಲೇ ಉಳಿದು ಹೆಚ್ಚು ತೆತ್ತರು. ಇದು ಎಷ್ಟರಮಟ್ಟಿಗೆ ಬೆಳೆಯಿತೆಂದರೆ ೨೦೧೯ರ ಜನವರಿಯಿಂದ ಸರ್ಕಾರವೇ ದರಕ್ಕೆ ಮೇಲ್ಮಿತಿಯನ್ನು ಹಾಕಬೇಕಾಯಿತು. ೨೦೨೧ರಲ್ಲಿ ಅನಿಲದ ಬೆಲೆ ಏರಿದಾಗ, ಮುಂಗಡವಾಗಿ ಶಕ್ತಿಯನ್ನು ಕೊಂಡಿಡದೆ ಅಗ್ಗದ ಮಾತಿನಿಂದ ಗಿರಾಕಿಗಳನ್ನು ಕೂಡಿಸಿಕೊಂಡಿದ್ದ ಸುಮಾರು ೩೦ ಕಂಪೆನಿಗಳು ಒಂದರ ಹಿಂದೊಂದು ಮುಳುಗಿದುವು. ಯಾರ ಮನೆಯ ದೀಪವೂ ಆರಲಿಲ್ಲ ಎಂಬುದನ್ನು ಗಮನಿಸಬೇಕು. ಮುಳುಗಿದುದು ಲೆಕ್ಕದ ಪುಸ್ತಕವೇ ಹೊರತು ತಂತಿಯಲ್ಲ. ಆ ಗಿರಾಕಿಗಳನ್ನು ಬೇರೆ ಕಂಪೆನಿಗಳಿಗೆ ವಹಿಸಿಕೊಟ್ಟರು. ಖರ್ಚು ಮಾತ್ರ ದೇಶದ ಎಲ್ಲರ ಬಿಲ್ಲಿನಲ್ಲಿ ಬಂದು ಕುಳಿತಿತು.

ಅಷ್ಟು ದೂರವೇಕೆ, ಸಹಸ್ರಾರು ಕನ್ನಡಿಗರು ಬಾಳುತ್ತಿರುವ ಮುಂಬಯಿಯನ್ನೇ ನೋಡಬಹುದು. ಆ ನಗರದ ಉಪನಗರಗಳಲ್ಲಿ ರಿಲಯನ್ಸ್ ಕಂಪೆನಿಯ ತಂತಿಗಳಿದ್ದುವು. ೨೦೧೮ರಲ್ಲಿ ಅವು ಅದಾನಿ ಕಂಪೆನಿಯ ಕೈಸೇರಿದುವು. ಟಾಟಾ ಕಂಪೆನಿಯೂ ಅಲ್ಲಿನ ಮನೆಗಳಿಗೆ ವಿದ್ಯುತ್ತು ಮಾರಬಹುದೆಂದು ೨೦೦೮ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ೨೦೦೯ರಲ್ಲಿ, ರಿಲಯನ್ಸಿನ ತಂತಿಯ ಮೂಲಕವೇ ಟಾಟಾದ ಗಿರಾಕಿಯಾಗುವ ಏರ್ಪಾಡು ಬಂದಿತು. ಮನೆಯ ಗೋಡೆಯ ಮೇಲಿನ ತಂತಿ ಕದಲದೆಯೇ ಮಾರಾಟಗಾರ ಬದಲಾಗುವುದನ್ನು ಭಾರತದ ಮನೆಗಳು ಕಂಡುದು ಹೀಗೆ. ಕಡಮೆ ದರವನ್ನು ಕಂಡು ಲಕ್ಷಗಟ್ಟಲೆ ಜನ ಆ ಕಡೆ ಸರಿದರು. ಆಗ ಉಳಿದವರ ಮೇಲೆ ಭಾರ ಹೆಚ್ಚಾಯಿತೆಂಬ ತಕರಾರು ಎದ್ದಿತು; ಕಡೆಗೆ, ಬಿಟ್ಟು ಹೋದವರ ಮೇಲೂ ಒಂದು ಅಧಿಕ ಶುಲ್ಕವನ್ನು ಹಾಕಲಾಯಿತು.

ಒಬ್ಬನು ಹೋದರೆ ಇನ್ನೊಬ್ಬನ ಮೇಲೆ ಭಾರ ಏಕೆ ಬೀಳಬೇಕು? ಇದು ಈ ವಿಷಯದ ತಿರುಳು. ಒಂದು ಪುಟ್ಟ ಲೆಕ್ಕವನ್ನು ಮಾಡಿ ನೋಡೋಣ. ಅಂಕಿಗಳು ಕೇವಲ ಕಲ್ಪಿತ. ಒಂದು ಊರಿನಲ್ಲಿ ವಿದ್ಯುತ್ತನ್ನು ಕೊಂಡು ತಂದು ಹಂಚುವುದಕ್ಕೆ, ತಂತಿಯ ಖರ್ಚೂ ಸೇರಿ, ಯೂನಿಟ್ಟಿಗೆ ೭ ರೂಪಾಯಿ ತಗಲುತ್ತದೆ. ದೊಡ್ಡ ಅಂಗಡಿಯೊಂದು ೧೦೦ ಯೂನಿಟ್ಟು ಬಳಸಿ ೧೦ ರೂಪಾಯಿಯಂತೆ ೧,೦೦೦ ರೂಪಾಯಿ ಕೊಡುತ್ತದೆ. ಬಡ ಮನೆಗಳೆಲ್ಲ ಕೂಡಿ ೧೫೦ ಯೂನಿಟ್ಟು ಬಳಸಿ ೫ ರೂಪಾಯಿಯಂತೆ ೭೫೦ ರೂಪಾಯಿ ಕೊಡುತ್ತವೆ. ಒಟ್ಟು ೨೫೦ ಯೂನಿಟ್ಟಿಗೆ ೧,೭೫೦ ರೂಪಾಯಿ, ಲೆಕ್ಕ ಸರಿಹೋಯಿತು. ಈಗ ಹೊಸಬನೊಬ್ಬನು ಬಂದು ಅಂಗಡಿಯವನಿಗೆ ಮಾತ್ರ ‘೮ ರೂಪಾಯಿಗೆ ಕೊಡುತ್ತೇನೆ’ ಎನ್ನುತ್ತಾನೆ. ಅಂಗಡಿಗೆ ೨೦೦ ರೂಪಾಯಿ ಉಳಿಯಿತು, ಹೊಸಬನಿಗೆ ೧೦೦ ರೂಪಾಯಿ ಲಾಭವಾಯಿತು. ಹಳೆಯ ಕಂಪೆನಿಗೆ ಉಳಿದ ೧೫೦ ಯೂನಿಟ್ಟಿನ ಖರ್ಚು ೧,೦೫೦ ರೂಪಾಯಿ, ಬರುವುದು ೭೫೦. ಕೊರತೆ ಸರಿಯಾಗಿ ೩೦೦ ರೂಪಾಯಿ. ಅಂಗಡಿಯವನೂ ಹೊಸಬನೂ ಹಂಚಿಕೊಂಡ ಹಣವು ಆಕಾಶದಿಂದ ಉದುರಿದುದಲ್ಲವೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಮನೆಗಳ ದರ ೫ರಿಂದ ೭ ರೂಪಾಯಿಗೆ ಏರಬೇಕು, ಇಲ್ಲವೆ ಸರ್ಕಾರದ ಬೊಕ್ಕಸವು ಕೊರತೆಯನ್ನು ತುಂಬಬೇಕು.

ಮಂಡ್ಯದಂಥ ಜಿಲ್ಲೆಗೆ ಇದು ಬರಿಯ ಗಣಿತವಲ್ಲ. ಕಬ್ಬು ಭತ್ತಗಳ ಈ ನಾಡಿನಲ್ಲಿ ಕಾಲುವೆಯ ನೀರು ಮುಟ್ಟದ ಹೊಲಗಳು ಪಂಪುಸೆಟ್ಟನ್ನು ನಂಬಿವೆ. ೧೦ ಅಶ್ವಶಕ್ತಿಯವರೆಗಿನ ಪಂಪುಸೆಟ್ಟಿಗೆ ರೈತನು ಹಣ ಕೊಡುವುದಿಲ್ಲ. ಸರ್ಕಾರವು ನಿಗಮಕ್ಕೆ ಕೊಡಬೇಕು. ಮನೆಗಳಿಗೆ ೨೦೨೩ರ ಜುಲೈ ತಿಂಗಳ ಬಳಕೆಯಿಂದ ಗೃಹಜ್ಯೋತಿ ಯೋಜನೆ ಬಂದಿತು. ಇಂಥ ಗಿರಾಕಿಗಳೇ ತುಂಬಿರುವ ಸೀಮೆಗೆ ಲಾಭವನ್ನರಸುವ ಮಾರಾಟಗಾರನು ತಾನಾಗಿ ಬಂದಾನೆಯೆ? ಬಂದರೂ ಪೇಟೆಯ ದೊಡ್ಡ ಮಳಿಗೆಗಳನ್ನೂ ಕಾರ್ಖಾನೆಗಳನ್ನೂ ಆರಿಸಿಕೊಂಡು, ಹಳ್ಳಿಯ ಕಡೆಯ ಕಂಬವನ್ನು ಹಳೆಯ ನಿಗಮಕ್ಕೇ ಬಿಟ್ಟಾನು ಎಂಬುದು ಈ ಲೇಖಕನ ಶಂಕೆ. ಸ್ಪರ್ಧೆಯನ್ನು ಬಯಸುವವರ ಮಾತಿನಲ್ಲಿಯೂ ಸತ್ಯವಿಲ್ಲದಿಲ್ಲ. ಗಿರಾಕಿಯು ಬಿಟ್ಟುಹೋಗಲಾರನೆಂದು ತಿಳಿದ ಅಂಗಡಿಯವನು ಅವನ ದೂರನ್ನು ಕೇಳುವ ರೀತಿ ಎಲ್ಲರಿಗೂ ಗೊತ್ತಿರುವುದೇ.

ದೊಡ್ಡವರಿಗೆ ಆಯ್ಕೆಯುಂಟೆಂದೆವಷ್ಟೆ. ೨೦೦೩ರ ಅಧಿನಿಯಮದ ಏರ್ಪಾಡಿನಂತೆ ೧ ಮೆಗಾವಾಟಿಗಿಂತ ಹೆಚ್ಚು ಬೇಡಿಕೆಯುಳ್ಳ ಕಾರ್ಖಾನೆಯು ನಿಗಮದ ತಂತಿಗೆ ಬಾಡಿಗೆ ಕೊಟ್ಟು, ವಿದ್ಯುತ್ತನ್ನು ಬೇಕಾದವರಿಂದ ಕೊಳ್ಳಬಹುದು. ಮೇಲೆ ಹೇಳಿದ ಕೊರತೆಯ ಪಾಲಾಗಿ ಒಂದು ಅಧಿಕ ಶುಲ್ಕವನ್ನೂ ಅದು ಕಟ್ಟಬೇಕಾಗುತ್ತದೆ. ೨೦೨೨ರ ಜೂನಿನಲ್ಲಿ ಬಂದ ನಿಯಮಗಳು ಬಿಸಿಲು ಗಾಳಿಗಳ ವಿದ್ಯುತ್ತಿಗೆ ಈ ಮಿತಿಯನ್ನು ೧೦೦ ಕಿಲೋವಾಟಿಗೆ ಇಳಿಸಿದುವು. ಮನೆಗೆ ೩ ಕಿಲೋವಾಟಿನಂತೆ ಹಿಡಿದರೂ ೩೪ ಮನೆಗಳ ಹೊರೆ ಕೂಡಬೇಕು ಆ ಮಿತಿಯನ್ನು ಮುಟ್ಟಲು. ಒಂದೇ ತಂತಿಯ ಮೇಲೆ ಹಲವರು ಮಾರಲು ಅವಕಾಶ ಕೊಡುವ ಮಸೂದೆಯೊಂದು ೨೦೨೨ರ ಆಗಸ್ಟ್ ೮ರಂದು ಲೋಕಸಭೆಗೆ ಬಂದು, ಸ್ಥಾಯೀ ಸಮಿತಿಗೆ ಹೋಗಿ, ೨೦೨೪ರಲ್ಲಿ ಆ ಲೋಕಸಭೆಯೊಡನೆಯೇ ಕೊನೆಗೊಂಡಿತು. ೨೦೨೫ರ ಅಕ್ಟೋಬರಿನಲ್ಲಿ ಕೇಂದ್ರದ ವಿದ್ಯುತ್ ಸಚಿವಾಲಯವು ಅದೇ ಆಶಯದ ಹೊಸ ಕರಡನ್ನು ಜನರ ಮುಂದಿಟ್ಟಿತು. ಆದುದರಿಂದ ಇಂದು ಶಾಲೆಯಲ್ಲಿರುವವರು ಮನೆ ಕಟ್ಟುವ ವೇಳೆಗೆ ಈ ಪ್ರಶ್ನೆಯು ಅವರ ಮುಂದೆ ನಿಜವಾಗಿಯೇ ಬರಬಹುದು.

ಅಲ್ಲಿಯವರೆಗೆ ಮಳವಳ್ಳಿಯ ಮನೆಯವನು ಕೈಕಟ್ಟಿ ಕುಳಿತಿರಬೇಕೆ? ಬೇಕಿಲ್ಲ. ಮಾರಾಟಗಾರನನ್ನು ಬದಲಾಯಿಸಲಾರದವನು ತಾನೇ ಸ್ವಲ್ಪಮಟ್ಟಿಗೆ ಉತ್ಪಾದಕನಾಗಬಹುದು. ಮಾಡಿನ ಮೇಲೆ ೧ ಕಿಲೋವಾಟಿನ ಸೌರಫಲಕಗಳನ್ನಿಟ್ಟರೆ ನಮ್ಮ ಬಿಸಿಲಿಗೆ ದಿನಕ್ಕೆ ಸರಾಸರಿ ೪ ಯೂನಿಟ್ಟು ದೊರೆಯುತ್ತದೆ. ೨೦೨೪ರ ಫೆಬ್ರವರಿಯಲ್ಲಿ ಆರಂಭವಾದ ಕೇಂದ್ರದ ಸೂರ್ಯಘರ್ ಯೋಜನೆಯು ಮೊದಲ ಎರಡು ಕಿಲೋವಾಟಿಗೆ ತಲಾ ೩೦,೦೦೦ ರೂಪಾಯಿ, ೩ ಕಿಲೋವಾಟು ಅಥವಾ ಹೆಚ್ಚಿನದಕ್ಕೆ ಒಟ್ಟು ೭೮,೦೦೦ ರೂಪಾಯಿ ಸಹಾಯಧನವನ್ನು ಗೊತ್ತುಮಾಡಿತು. ಹಗಲು ಮಿಕ್ಕುದು ಜಾಲಕ್ಕೆ ಹೋಗುತ್ತದೆ, ರಾತ್ರಿ ಬೇಕಾದುದು ಜಾಲದಿಂದ ಬರುತ್ತದೆ. ಮೀಟರು ಎರಡನ್ನೂ ಬರೆದಿಡುತ್ತದೆ. ಇಲ್ಲೊಂದು ವಿಪರ್ಯಾಸವುಂಟು. ಬಿಲ್ಲೇ ಬಾರದ ಮನೆಗೆ ಫಲಕಗಳಿಂದ ಉಳಿಯುವುದೇನು? ಒಂದು ಯೋಜನೆಯು ಇನ್ನೊಂದರ ಬಿಸಿಲಿಗೆ ಮರೆಯಾಗಿ ನಿಂತಿದೆ.

ಇನ್ನೊಂದು ದಾರಿ ಇದಕ್ಕಿಂತ ಸರಳ. ಹಳೆಯ ಮಾದರಿಯ ತೂಗುಪಂಕ ೭೫ ವಾಟು ತಿನ್ನುತ್ತದೆ. ಕುಂಚವಿಲ್ಲದ ಮೋಟಾರಿನ ಹೊಸ ಮಾದರಿಯದಕ್ಕೆ ೩೦ ವಾಟು ಸಾಕು. ದಿನಕ್ಕೆ ೧೦ ಗಂಟೆಯಂತೆ ತಿಂಗಳಿಗೆ ಮೊದಲನೆಯದು ೨೨.೫ ಯೂನಿಟ್ಟು, ಎರಡನೆಯದು ೯ ಯೂನಿಟ್ಟು. ಉಳಿಯುವ ೧೩.೫ ಯೂನಿಟ್ಟಿಗೆ ೨೦೨೪ರ ದರವಾಗಿದ್ದ ೫ ರೂಪಾಯಿ ೯೦ ಪೈಸೆಯಂತೆ ಸುಮಾರು ೮೦ ರೂಪಾಯಿ. ಗೃಹಜ್ಯೋತಿಯ ಮನೆಯವನಿಗೂ ಈ ಲೆಕ್ಕ ಬೇಕಾದುದೇ. ಅವನಿಗೆ ಉಚಿತವಾಗಿರುವುದು ೨೦೨೨-೨೩ರ ತನ್ನ ಸರಾಸರಿ ಬಳಕೆ ಮತ್ತು ಅದರ ಶೇಕಡ ೧೦ರಷ್ಟು ಮಾತ್ರ. ೨೦೦ ಯೂನಿಟ್ಟನ್ನು ದಾಟಿದ ತಿಂಗಳು ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ಬೇಸಗೆಯಲ್ಲಿ ೧೯೫ರ ಹತ್ತಿರ ಸುಳಿದಾಡುವ ಮನೆಯಲ್ಲಿ ಒಂದು ಪಂಕವನ್ನು ಬದಲಾಯಿಸುವುದು ಕಂಪೆನಿಯನ್ನು ಬದಲಾಯಿಸುವುದಕ್ಕಿಂತ ಹೆಚ್ಚು ಹಣ ಉಳಿಸೀತು. ವಿದ್ಯಾರ್ಥಿಗಳು ತಮ್ಮ ಮನೆಯ ಹಿಂದಿನ ಹನ್ನೆರಡು ಬಿಲ್ಲುಗಳನ್ನು ಸಾಲಾಗಿಟ್ಟು, ಯೂನಿಟ್ಟುಗಳ ರೇಖಾಚಿತ್ರವನ್ನು ಬರೆದು ನೋಡಲಿ. ಬಿಲ್ಲಿನಲ್ಲಿ ಯೂನಿಟ್ಟಿನ ಬೆಲೆಯಲ್ಲದೆ, ಮಂಜೂರಾದ ಕಿಲೋವಾಟಿಗೆ ಇಷ್ಟೆಂದು ಬರೆದ ನಿಗದಿತ ಶುಲ್ಕವೂ ಇರುತ್ತದೆ. ದೀಪ ಹಚ್ಚದಿದ್ದರೂ ಕೊಡಬೇಕಾದ, ತಂತಿಯ ಬಾಡಿಗೆ ಎನ್ನಬಹುದಾದ ಹಣವದು. ಬ್ರಿಟನ್ನಿನಲ್ಲಿ ಕಂಪೆನಿ ಬದಲಾಯಿಸಿದವರಿಗೂ ತಂತಿಯ ಖರ್ಚು ತಪ್ಪುವುದಿಲ್ಲ.

ಶಿವನಸಮುದ್ರದ ವಿದ್ಯುದಾಗಾರವು ಈಗಲೂ ನಡೆಯುತ್ತಿದೆ. ಅದರ ಸಾಮರ್ಥ್ಯ ೪೨ ಮೆಗಾವಾಟು. ಇಂದಿನ ಜಾಲದ ಲೆಕ್ಕದಲ್ಲಿ ಕೆರೆಗೆ ಬೀಳುವ ಒಂದು ಸಣ್ಣ ಹಳ್ಳ. ಉಗಿಯನ್ನು ಬಿಟ್ಟು ಅದರ ಮೊದಲ ಗಿರಾಕಿಯಾಗಿ ಬಂದ ಕೋಲಾರದ ಗಣಿಗಳು ೨೦೦೧ರ ಫೆಬ್ರವರಿ ೨೮ರಂದು ಮುಚ್ಚಿದುವು. ಯಂತ್ರಗಳು ಅದಕ್ಕಾಗಿ ನಿಲ್ಲಲಿಲ್ಲ; ಅವುಗಳ ಶಕ್ತಿಯು ಆ ಹೊತ್ತಿಗಾಗಲೇ, ಯಾರದೆಂದು ಹೇಳಲಾಗದಂತೆ, ಎಲ್ಲರ ತಂತಿಗಳಲ್ಲಿ ಬೆರೆತುಹೋಗಿತ್ತು.